ಮುನಿಸು ಆಟದ ಹತ್ತನೆಯ ನಿಯಮ

ಬೀಗದಣ್ಣನ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲುಗಳ ಕೆಳಗಿನ ಸಂದಿಯಲ್ಲಿತ್ತು. ಅವನು ಒಳಗೆ ಕೂತರೆ ಅಂಗಡಿ ಭರ್ತಿ. ಗಿರಾಕಿಗಳು ರಸ್ತೆಯಲ್ಲೇ ನಿಂತು, ಬಗ್ಗಿ, ತಲೆಯನ್ನು ಮಾತ್ರ ಒಳಗೆ ತೂರಿಸಿ ತಮ್ಮ ಕಷ್ಟ ಹೇಳಿಕೊಳ್ಳಬೇಕು. ಒಬ್ಬ ಸೋಪು ಹಚ್ಚಿದ ಅರ್ಧ ಗಡ್ಡದಲ್ಲಿ ಬರುತ್ತಿದ್ದ, ಇನ್ನೊಬ್ಬಳು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬರುತ್ತಿದ್ದಳು. ಬಾಗಿಲು ತಾನಾಗಿ ಹಾಕಿಕೊಂಡಿತು ಎಂದೇ ಎಲ್ಲರೂ ಹೇಳುತ್ತಿದ್ದರು. ಹೇಗೆ, ಯಾಕೆ ಎಂದು ಅವನು ಒಂದು ದಿನವೂ ಕೇಳಿದವನಲ್ಲ. ಚರ್ಮದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನಡೆಯುತ್ತಿದ್ದ. ಬೀಗದ ಮುಂದೆ ಮಂಡಿಯೂರಿ ಕೂತು, ಕಿವಿಯನ್ನು ಬಾಗಿಲಿಗೆ ಆನಿಸಿ, ಒಂದು ಕೊಕ್ಕೆ ತಂತಿಯನ್ನು ಒಳಗೆ ಬಿಟ್ಟು, ಹುಷಾರಿಲ್ಲದವರ ಹತ್ತಿರ ಮಾತಾಡುವಂತೆ ಗುನುಗುತ್ತಿದ್ದ. ಎರಡು ನಿಮಿಷದಲ್ಲಿ ಬೀಗ ತೆರೆದುಕೊಳ್ಳುತ್ತಿತ್ತು. ಮುರಿದು ತೆಗೆಯುವುದೆಂದರೆ ಅವನಿಗೆ ಆಗದು. ಬೀಗ ಒಡೆಯುವ ಸದ್ದು ದೂರದಲ್ಲಿ ಕೇಳಿಸಿದರೂ ಅವನ ಹಲ್ಲು ಜುಂ ಎನ್ನುತ್ತಿತ್ತು.

ಆ ಸುತ್ತಿನ ಬೀದಿಗಳಲ್ಲಿ ಅವನಿಗೆ ಬಗ್ಗದ ಬೀಗ ಇರಲಿಲ್ಲ, ಒಂದನ್ನು ಬಿಟ್ಟು. ಆ ಒಂದು ಬೀಗ ಅವನ ಸ್ವಂತ ಅಕ್ಕನ ಮನೆಯ ನಡುಮನೆಯಲ್ಲಿ, ಗೋಡೆಯೊಳಗೆ ಕೂರಿಸಿದ ಮರದ ಬೀರುವಿನಲ್ಲಿತ್ತು. ಹನ್ನೊಂದು ವರ್ಷಗಳಿಂದ ಅವನು ಪ್ರತಿ ಭಾನುವಾರ ಅದರ ಎದುರಿಗೇ ಕೂತು ಇಸ್ಪೀಟು ಆಡಿದ್ದ. ಒಮ್ಮೆಯೂ ಅದರ ಮೇಲೆ ಕೈ ಇಟ್ಟಿರಲಿಲ್ಲ. ಯಾರಾದರೂ ಕೇಳಿದರೆ, ಅದು ಬಹಳ ಹಳೆಯ ಕಾಲದ್ದು, ಒಳಗಿನ ಲಿವರುಗಳು ತುಕ್ಕು ಹಿಡಿದು ಅಂಟಿಕೊಂಡಿವೆ, ಮುಟ್ಟಿದರೆ ಪುಡಿಪುಡಿ ಎನ್ನುತ್ತಿದ್ದ. ಕೇಳಿದವರು ಹೌದೆನ್ನುವಂತೆ ತಲೆಯಾಡಿಸಿ, ಅವನು ಆಚೆ ಹೋದ ಮೇಲೆ ನಗುತ್ತಿದ್ದರು.

ಇದೆಲ್ಲ ಅರ್ಥವಾಗಬೇಕಾದರೆ ಮೊದಲು ಆ ಆಟ ಗೊತ್ತಾಗಬೇಕು. ಅದರ ಹೆಸರು ಮುನಿಸು. ನಿಮಗೆ ಗೊತ್ತಿಲ್ಲದಿದ್ದರೆ ನಾಚಿಕೆಪಡಬೇಕಾದ್ದೇನಿಲ್ಲ. ಅದು ಗೊತ್ತಿದ್ದವರು ಇಡೀ ಲೋಕದಲ್ಲಿ ಎಂಟೇ ಜನ, ಅವರಲ್ಲಿ ನಾಲ್ವರು ತೀರಿಕೊಂಡಿದ್ದಾರೆ. ಆ ನಾಲ್ವರು ಊರಿನ ನೀರಿನ ಟ್ಯಾಂಕಿನ ಪಂಪುಮನೆಯಲ್ಲಿ ಕೆಲಸಕ್ಕಿದ್ದವರು, ಬೀಗದಣ್ಣನ ಅಪ್ಪ ಅವರಲ್ಲೊಬ್ಬ. ವಾಲ್ವು ತಿರುಗಿಸಿದ ಮೇಲೆ ಟ್ಯಾಂಕು ತುಂಬುವವರೆಗೆ ಮೂರು ಗಂಟೆ ಮಾಡಲು ಕೆಲಸವಿಲ್ಲ. ಅಲ್ಲಿದ್ದ ಮೇಜಿನ ಒಂದು ಕಾಲು ಗಿಡ್ಡ. ಅಲ್ಲಾಡುವ ಮೇಜಿನ ಮೇಲೆ ಎಲೆ ನಿಲ್ಲದೆ, ಅಪ್ಪ ಇಸ್ಪೀಟು ಕಟ್ಟಿನಿಂದ ನಾಲ್ಕು ಎರಡುಗಳನ್ನು ತೆಗೆದು ಮಡಚಿ ಆ ಕಾಲಿನ ಕೆಳಗೆ ಕೊಟ್ಟ. ಉಳಿದದ್ದು ನಲವತ್ತೆಂಟು ಎಲೆ. ಆ ನಲವತ್ತೆಂಟಕ್ಕೆ ಹೊಂದುವ ಆಟವನ್ನು ನಾಲ್ವರೂ ಕೂಡಿ ಕಟ್ಟಿದರು. ಪಂಪುಮನೆಗೆ ಹೊಸ ಮೇಜು ಬಂದಾಗ ಹಳೆಯದನ್ನು ಅಪ್ಪ ಮನೆಗೆ, ಈಗ ಅಕ್ಕ ಇರುವ ಮನೆಗೆ, ಹೊತ್ತುಕೊಂಡು ಬಂದ, ಕಾಲಿನ ಕೆಳಗಿನ ಎರಡುಗಳ ಸಮೇತ. ಆಟದಲ್ಲಿ ಇಲ್ಲದಿದ್ದರೂ ಆಟವನ್ನು ಇಂದಿಗೂ ಎತ್ತಿ ಹಿಡಿದಿರುವವು ಅವೇ.

ನಾಲ್ವರಿಗೂ ಹನ್ನೆರಡು ಹನ್ನೆರಡು ಎಲೆ. ಎದುರುಬದುರು ಕೂತವರು ಒಂದು ಜೋಡಿ. ಗಂಡ ಹೆಂಡತಿ ಮಾತ್ರ ಜೋಡಿಯಾಗುವಂತಿಲ್ಲ. ಒಂದೇ ಒಲೆಯ ಊಟ ಮಾಡುವವರು ಹುಬ್ಬಿನಲ್ಲೇ ಎಲ್ಲ ಹೇಳಿಬಿಡುತ್ತಾರೆ ಎಂಬುದು ಅಪ್ಪನ ಅಭಿಪ್ರಾಯವಾಗಿತ್ತು. ಒಬ್ಬರು ಒಂದು ಎಲೆ ಇಳಿಸಿದರೆ ಮಿಕ್ಕವರು ಅದೇ ಜಾತಿಯ ಎಲೆ ಹಾಕಬೇಕು, ಇಲ್ಲದಿದ್ದರೆ ಯಾವುದಾದರೂ. ದೊಡ್ಡ ಎಲೆಯವರಿಗೆ ಆ ಪಟ್ಟು ಸೇರುತ್ತದೆ. ಪಟ್ಟಿಗೊಂದು ಅಂಕ. ಇಷ್ಟಾದರೆ ಯಾವ ಊರಲ್ಲಾದರೂ ಇರುವ ಆಟವೇ. ಮುನಿಸು ಶುರುವಾಗುವುದು ರಾಣಿಯರಿಂದ. ರಾಣಿ ಒಬ್ಬಳೇ ನಿಮ್ಮ ಪಟ್ಟಿಗೆ ಬಂದರೆ ಅವಳು ಮುನಿಸಿಕೊಂಡು ಬಂದವಳು. ಮೂರು ಅಂಕ ಕಳೆಯಬೇಕು. ಅದೇ ಪಟ್ಟಿನಲ್ಲಿ ಅವಳ ಜಾತಿಯ ರಾಜನೂ ಬಿದ್ದಿದ್ದರೆ ಅದು ರಾಜಿ, ಏಳು ಅಂಕ. ನೂರು ಮುಟ್ಟಿದವರು ಗೆದ್ದರು.

ಇನ್ನೊಂದು ನಿಯಮವಿದೆ, ಬಾಯಿದಂಡ. ಎಲೆ ಹಂಚಿದ ಕ್ಷಣದಿಂದ ಕೊನೆಯ ಪಟ್ಟು ಎತ್ತುವವರೆಗೆ ತನ್ನ ಜೋಡಿಯ ಜೊತೆ ಮಾತಾಡುವಂತಿಲ್ಲ. ಒಂದು ಮಾತಿಗೆ ಐದು ಅಂಕ ಹೋಯಿತು. ಎದುರಾಳಿಗಳ ಜೊತೆ ಎಷ್ಟು ಬೇಕಾದರೂ ಹರಟಬಹುದು. ಸೀನಿದರೆ ಒಂದು ಸಲ ಮಾಫಿ, ಎರಡನೆಯ ಸೀನು ಮಾತಿನ ಲೆಕ್ಕ. ಅಪ್ಪನ ಜೋಡಿ ಪಂಪುಮನೆಯಲ್ಲಿ ಮೂರನೆಯ ಸೀನನ್ನು ಅದುಮಿಟ್ಟು ಮೂಗಿನಲ್ಲಿ ರಕ್ತ ಬರಿಸಿಕೊಂಡಿದ್ದನೆಂಬ ಕಥೆ ಮನೆಯಲ್ಲಿ ಪ್ರಚಾರದಲ್ಲಿತ್ತು.

ಅಪ್ಪನಿಂದ ಆಟ ಕಲಿತದ್ದು ಅಕ್ಕ, ತಮ್ಮ. ಆಮೇಲೆ ಅಕ್ಕನ ಗಂಡ, ತಮ್ಮನ ಹೆಂಡತಿ. ಅಕ್ಕ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಯಾರಿಗೆ ಯಾರ ಜೊತೆ ಮಾತಾಡಬೇಕೋ ಅವರನ್ನು ಕೂಡಿಸುವುದೇ ಅವಳ ಕೆಲಸ. ಅವಳ ಗಂಡ, ಬೀಗದಣ್ಣನಿಗೆ ಭಾವ, ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದವರು. ಈಗಲೂ ಆಟದಲ್ಲಿ ಅಪಾಯ ಕಂಡರೆ ಮೇಜಿನ ಕೆಳಗೆ ಅವರ ಬಲಗಾಲು ಬ್ರೇಕು ಒತ್ತುತ್ತದೆ. ಬೀಗದಣ್ಣನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವವಳು, ಎದುರಿಗಿದ್ದವರ ಮುಖ ನೋಡಿದ ಕೂಡಲೇ ಕೈಯಿಂದ ಮೂಗಿನ ಅಳತೆ ತೆಗೆಯುವವಳು. ನಿಯಮದ ಪ್ರಕಾರ ಅಕ್ಕ ತಮ್ಮ ಒಂದು ಜೋಡಿ; ಭಾವ ಮತ್ತು ಹೆಂಡತಿ ಇನ್ನೊಂದು. ಅಂಕ ಬರೆಯುವವನು ಬೀಗದಣ್ಣ. ಅವನ ಪುಸ್ತಕದಲ್ಲಿ ಒಂದು ಅಂಕ ಆಚೀಚೆ ಆದದ್ದಿಲ್ಲ, ಅವನ ಕೈಯ ಅರದಿಂದ ಬೀಗದ ಕೈ ಒಂದು ಕೂದಲಿನಷ್ಟು ಹೆಚ್ಚು ಸವೆದದ್ದೂ ಇಲ್ಲ.

ಆ ಪ್ರಾಮಾಣಿಕತೆಯೇ ಎಲ್ಲ ಕೆಡಿಸಿತು.

ಹನ್ನೊಂದು ವರ್ಷದ ಹಿಂದಿನ ಒಂದು ಭಾನುವಾರ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕ ತಮ್ಮನ ಕಡೆ ತೊಂಬತ್ತೆರಡು ಅಂಕ, ಎದುರು ಕಡೆ ತೊಂಬತ್ತೇಳು. ಎಲ್ಲರ ಕೈಯಲ್ಲೂ ಒಂದೊಂದೇ ಎಲೆ ಉಳಿದಿತ್ತು. ಅಕ್ಕ ತನ್ನದನ್ನು ಇಳಿಸಿದಳು: ಆಟೀನ್ ರಾಜ. ಭಾವ ಯಾವುದೋ ಕಳಾವರ್ ಎಸೆದರು. ತಮ್ಮ ತನ್ನ ಕೊನೆಯ ಎಲೆಯನ್ನು ಮಗುಚಿದ: ಆಟೀನ್ ರಾಣಿ. ಅವನ ಹೆಂಡತಿ ಏನೋ ಸಣ್ಣ ಎಲೆ ಹಾಕುವಷ್ಟರಲ್ಲಿ ಅಕ್ಕ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಪಟ್ಟಿಗೆ ಒಂದು, ರಾಜಿಗೆ ಏಳು, ತೊಂಬತ್ತೆರಡಕ್ಕೆ ಎಂಟು ಕೂಡಿದರೆ ನೂರು.

ತಮ್ಮ ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದು, ಕೊನೆಯ ಪಟ್ಟಿನ ರಾಜಿ ರಾಜಿಯಲ್ಲ ಎಂದ. ಕೈಯಲ್ಲಿ ಒಂದೇ ಎಲೆ ಇದ್ದಾಗ ಅದನ್ನು ಹಾಕದೆ ವಿಧಿಯಿಲ್ಲ. ವಿಧಿಯಿಲ್ಲದೆ ಬಿದ್ದ ರಾಣಿ ರಾಜಿಯಾದಳೆಂದು ಹೇಳುವುದು ಹೇಗೆ, ಅಪ್ಪ ಹೀಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ ಎಂದ. ಅಕ್ಕ, ಅಪ್ಪ ತನಗೆ ಏಳು ಕೊಟ್ಟದ್ದು ಅದಕ್ಕಿಂತ ಚೆನ್ನಾಗಿ ನೆನಪಿದೆ ಎಂದಳು. ಇಬ್ಬರದೂ ನಿಜವಿರಬೇಕು, ಅಪ್ಪ ಊಟಕ್ಕೆ ಮುಂಚೆ ಒಂದು ತರಹ, ಊಟವಾದ ಮೇಲೆ ಒಂದು ತರಹ ಇರುತ್ತಿದ್ದ. ತಮ್ಮ ಪೀಡಿಸುವಷ್ಟು ಸಾವಧಾನವಾಗಿ ಪಟ್ಟಿಗೆ ಒಂದು ಕೂಡಿ, ಮುನಿದ ರಾಣಿಗೆ ಮೂರು ಕಳೆದು, ತನ್ನ ಕಡೆಗೇ ತೊಂಬತ್ತು ಎಂದು ಬರೆದ. ಮುಂದಿನ ಹಂಚಿಕೆಯಲ್ಲೇ ಅವರು ಸೋತರು.

"ನೀನು ಯಾರ ಕಡೆಯೋ?" ಎಂದಳು ಅಕ್ಕ.

"ನಿಯಮದ ಕಡೆ," ಎಂದ ತಮ್ಮ.

ಬೇರೆ ಯಾವ ಉತ್ತರ ಕೊಟ್ಟಿದ್ದರೂ ನಡೆಯುತ್ತಿತ್ತು ಎಂದು ಅವನ ಹೆಂಡತಿ ಇಂದಿಗೂ ಹೇಳುತ್ತಾಳೆ.

ನಿಯಮಗಳನ್ನು ಅಪ್ಪ ಆ ಬೀರುವಿನ ಬಾಗಿಲ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದ, ಒಂದರಿಂದ ಹತ್ತರವರೆಗೆ. ತೆಗೆದು ನೋಡಿದರೆ ಮುಗಿಯುತ್ತಿತ್ತು. ನೋಡಹೋದರೆ ಬೀರುವಿಗೆ ಬೀಗ ಹಾಕಿತ್ತು, ಬೀಗದ ಕೈ ತೂಗುವ ಮೊಳೆ ಖಾಲಿಯಿತ್ತು. ಅಪ್ಪ ಹೋದ ಮೇಲೆ ಯಾರೂ ಅದನ್ನು ತೆಗೆದಿರಲಿಲ್ಲ. ಸರಿ, ನಾಳೆ ಚೀಲ ತಂದು ತೆಗೆಯುತ್ತೇನೆ ಎಂದು ತಮ್ಮ ಎದ್ದು ಹೋದ.

ಮನೆಗೆ ನಡೆಯುತ್ತ ಅವನಿಗೆ ಒಂದು ಯೋಚನೆ ಹತ್ತಿತು. ತೆಗೆದಾಗ ತಾನೇ ಸರಿ ಎಂದಾದರೆ, ಅಕ್ಕನನ್ನು ಎಲ್ಲರೆದುರು ಸುಳ್ಳುಗಾತಿ ಮಾಡಿದಂತೆ. ಅವಳು ಮತ್ತೆ ಮಾತಾಡಿಸುವುದಿಲ್ಲ. ತಾನೇ ತಪ್ಪು ಎಂದಾದರೆ, ಗೆದ್ದ ಆಟವನ್ನು ಕೈಯಾರೆ ಕಳೆದ ದಡ್ಡ ಎಂದು ಸಾಯುವವರೆಗೆ ಅನ್ನಿಸಿಕೊಳ್ಳಬೇಕು. ಬೀಗ ಮುಚ್ಚಿದ್ದಷ್ಟು ದಿನ ಎರಡೂ ಇಲ್ಲ. ಮರುದಿನ ಅವನು ಚೀಲ ತರಲಿಲ್ಲ. ಅದರ ಮರುದಿನವೂ ತರಲಿಲ್ಲ. ಮೊದಲು ಅಕ್ಕನೇ ಮಾತಾಡಿಸಲಿ ಎಂದು ಕಾದ. ಅಕ್ಕನೂ ಅಲ್ಲಿ ಅದನ್ನೇ ಮಾಡುತ್ತಿದ್ದಳು.

ಬೇರೆ ಯಾವ ಮನೆಯಲ್ಲಾಗಿದ್ದರೂ ಇಂಥ ಜಗಳ ಮುಂದಿನ ಭಾನುವಾರ ಮುಗಿಯಬೇಕು, ಇಲ್ಲವೇ ಆಟ ನಿಲ್ಲಬೇಕು. ಇಲ್ಲಿ ಎರಡೂ ಆಗಲಿಲ್ಲ. ಮುಂದಿನ ಭಾನುವಾರ ನಾಲ್ಕು ಗಂಟೆಗೆ ನಾಲ್ವರೂ ಕೂತರು, ಎಲೆ ಹಂಚಿದರು. ಜೋಡಿಯ ಜೊತೆ ಮಾತಾಡಬಾರದೆಂದು ಅಪ್ಪನೇ ನಿಯಮ ಮಾಡಿಟ್ಟಿದ್ದಾನಲ್ಲ. ಅಕ್ಕ ತಮ್ಮ ಒಬ್ಬರನ್ನೊಬ್ಬರು ಮಾತಾಡಿಸದೆ ಆಟ ಮುಗಿಸಿ ಎದ್ದರು, ಯಾರಿಗೂ ಏನೂ ವಿಚಿತ್ರವೆನ್ನಿಸಲಿಲ್ಲ. ಹೀಗೆ ವಾರಗಳು ಹೋದವು. ನಾಲ್ಕನೆಯ ತಿಂಗಳು ಅವನ ಹೆಂಡತಿ ಕೇಳಿದಳು: ಅಲ್ಲ, ನೀವಿಬ್ಬರೂ ಮಾತು ಬಿಟ್ಟಿದ್ದೀರಾ?

ಬಿಟ್ಟಿದ್ದರು. ಇನ್ನೂ ಸೋಜಿಗವೆಂದರೆ ಅದರಿಂದ ಅವರ ಆಟ ಸುಧಾರಿಸಿತು. ಅವನ ಹೆಂಡತಿ ಮತ್ತು ಭಾವ ಬಾಯಿ ಹಿಡಿದುಕೊಳ್ಳಲಾರದ ಜನ. "ಅಣ್ಣಾ, ಆ ರಾಣಿ ನಿಮ್ಮ ತಲೆಗೇ ಬರ್ತಾಳೆ ನೋಡ್ಕೊಳ್ಳಿ" ಎಂದು ಅವಳೂ, "ಬರ್ಲಿ ಬಿಡಮ್ಮ" ಎಂದು ಅವರೂ ಒಂದು ಸಂಜೆಗೆ ಮೂವತ್ತು ಅಂಕ ದಂಡ ಕಟ್ಟುತ್ತಿದ್ದರು. ಅಕ್ಕ ತಮ್ಮನ ಕಡೆ ಹನ್ನೊಂದು ವರ್ಷದಲ್ಲಿ ಒಂದು ಬಾಯಿದಂಡವೂ ಬಿದ್ದಿರಲಿಲ್ಲ. ಪುಸ್ತಕದಲ್ಲಿ ಅವರ ಗೆಲುವುಗಳು ಸಾಲುಗಟ್ಟಿ ನಿಂತಿದ್ದವು. ಅಕ್ಕ ಯಾವ ಎಲೆ ಹಿಡಿದಿದ್ದಾಳೆಂದು ಅವಳ ಉಸಿರಿನ ಮೇಲೆ ಅವನು ಹೇಳಬಲ್ಲವನಾಗಿದ್ದ.

ಆಟದ ಹೊರಗೆ ಅವಳು ಹೇಳಬೇಕಾದ್ದನ್ನು ಹಳೆಯ ಕಸುಬಿನಂತೆ ಮೂರನೆಯವರ ಮೂಲಕ ಕಳಿಸುತ್ತಿದ್ದಳು. ಅವನು ಎರಡು ಗೇಣು ದೂರದಲ್ಲಿ ಕೂತಿರುವಾಗಲೇ ಅವನ ಹೆಂಡತಿಯ ಕಡೆ ತಿರುಗಿ, ಫ್ಯಾನಿನ ಕೆಳಗೆ ಕೂತರೆ ಅವನಿಗೆ ಕತ್ತು ಹಿಡಿಯುತ್ತೆ, ಸರಿದು ಕೂರೋಕೆ ಹೇಳು ಎನ್ನುವಳು. ಹೆಂಡತಿ ಹೇಳುವ ಮೊದಲೇ ಅವನು ಸರಿದಿರುತ್ತಿದ್ದ. ಅವನಿಗೆ ಹೊಟ್ಟೆಯ ಆಪರೇಷನ್ ಆದಾಗ ಮೂರು ದಿನ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದವಳು ಅವಳೇ. ಎಡಕ್ಕೆ ತಿರುಗಿ ಮಲಗು ಎಂದು ಅವನಿಗೆ ಹೇಳಿ ಎಂದು ಅವಳು ನರ್ಸಿಗೆ ಹೇಳಿದಳು. ತಿರುಗಿದ್ದೇನೆ ಎಂದು ಹೇಳಿ ಎಂದು ಅವನು ನರ್ಸಿಗೆ ಹೇಳಿದ. ಆ ನರ್ಸು, ಇವರಿಬ್ಬರಿಗೂ ಬೇರೆ ಬೇರೆ ಭಾಷೆಯಿರಬೇಕು, ಇಬ್ಬರದೂ ತನಗೆ ತಿಳಿಯುತ್ತಿರುವುದು ತನ್ನ ಜಾಣತನ ಎಂದುಕೊಂಡಳು.

ಅವನಿಗೆ ಕೊರಗು ಒಂದೇ. ಚಿಕ್ಕವನಿದ್ದಾಗ ಅಕ್ಕ ಅವನನ್ನು ಗುಬ್ಬಿ ಎನ್ನುತ್ತಿದ್ದಳು. ಒಂಬತ್ತು ವರ್ಷದವನಿದ್ದಾಗ ಅವನು ಪಂಪುಮನೆಯ ಬೀಗವನ್ನು ಬಿಚ್ಚಿ ಹರಡಿ, ಮತ್ತೆ ಜೋಡಿಸಲಾರದೆ ಕೂತಿದ್ದ. ಅಪ್ಪ ಬೆತ್ತ ತೆಗೆದುಕೊಂಡು ಬಂದಾಗ, ನಾನೇ ಬೀಳಿಸಿದೆ ಅಪ್ಪ ಎಂದು ಹದಿನಾಲ್ಕು ವರ್ಷದ ಅಕ್ಕ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಎರಡು ಏಟು ತಿಂದು ಹೊರಗೆ ಬಂದು, "ಬೇಗ ಜೋಡ್ಸೋದ್ ಕಲ್ತ್ಕೋ ಗುಬ್ಬಿ, ದಿನಾ ನನ್ ಕೈಲಿ ಆಗಲ್ಲ" ಎಂದಳು. ಅವನು ಬೀಗದ ಕಸುಬಿಗೆ ಬಿದ್ದದ್ದು ಹಾಗೆ. ಈಗ ಅವನಿಗೆ ಅರವತ್ತೆರಡು, ಹೊಟ್ಟೆಗೆ ಸಾಲದೆ ಬೆಲ್ಟಿನ ತುದಿಗೆ ತಾನೇ ಮೂರು ಹೊಸ ತೂತು ಕೊರೆದುಕೊಂಡಿದ್ದ. ಅಪ್ಪ ಅಮ್ಮ ಹೋದ ಮೇಲೆ ಈ ಲೋಕದಲ್ಲಿ ಅವನನ್ನು ಗುಬ್ಬಿ ಎನ್ನಬಲ್ಲವಳು ಒಬ್ಬಳೇ ಉಳಿದಿದ್ದಳು, ಅವಳು ಎದುರಿಗೇ ಕೂತು ಹನ್ನೊಂದು ವರ್ಷದಿಂದ ತುಟಿ ಹೊಲಿದುಕೊಂಡಿದ್ದಳು. ಅದೊಂದು ಮಾತು ಇನ್ನೊಮ್ಮೆ ಕೇಳಿಸಿದರೆ ಸಾಕು ಎಂದು ಅವನಿಗೆ ಅನ್ನಿಸುತ್ತಿತ್ತು. ಹೆಂಡತಿಗೂ ಹೇಳಿಕೊಂಡಿರಲಿಲ್ಲ. ಅಷ್ಟು ದೊಡ್ಡ ಹೊಟ್ಟೆಯವನು ಹೇಳಿಕೊಳ್ಳುವ ಮಾತೂ ಅದಲ್ಲ.

ಹೀಗಿರುವಾಗ ಅಕ್ಕನ ಮನೆಯ ಗೋಡೆಗೆ ಗೆದ್ದಲು ಹತ್ತಿತು.

ಆ ಭಾನುವಾರ ಆಟ ರಂಗೇರಿತ್ತು. ಅಕ್ಕ ತಮ್ಮನ ಕಡೆ ತೊಂಬತ್ತಾರು, ಎದುರು ಕಡೆ ಎಪ್ಪತ್ತೊಂದು. ಹೊಸದಾಗಿ ಎಲೆ ಹಂಚಿ ಐದು ಪಟ್ಟು ಮುಗಿದಿದ್ದವು. ಇದ್ದಕ್ಕಿದ್ದಂತೆ ಬೀರುವಿನ ಮೇಲ್ಚೌಕಟ್ಟಿನಿಂದ ಸಣ್ಣಗೆ ಮಣ್ಣು ಉದುರಿ ಭಾವನ ಎಲೆಗಳ ಮೇಲೆ ಬಿತ್ತು. ಅವರು ಊದಿ, ಮರೆತಿದ್ದ ಸಂಗತಿಯೊಂದನ್ನು ಹೇಳುವವರಂತೆ, ನಾಳೆ ಬಡಗಿ ಬರುತ್ತಾನೆ, ಬೀರುವನ್ನು ಗೋಡೆಯಿಂದ ಕೀಳಬೇಕಂತೆ ಎಂದರು. ಬೀಗದ ಕೈ ಇಲ್ಲವಲ್ಲ ಎಂದಳು ಬೀಗದಣ್ಣನ ಹೆಂಡತಿ. ಅದಕ್ಕೇನು, ಹಾರೆ ಹಾಕಿ ಮೀಟುತ್ತಾನಂತೆ, ಬೀಗ ಹಿಟ್ಟಾಗುತ್ತದೆ ಅಷ್ಟೇ ಎಂದರು ಭಾವ.

ಬೀಗದಣ್ಣನ ಹಲ್ಲು ಜುಂ ಎಂದಿತು. ಅವನು ಅಕ್ಕನ ಮುಖ ನೋಡಿದ. ಅವಳು ತನ್ನ ಎಲೆಗಳನ್ನೇ ನೋಡುತ್ತಿದ್ದಳು, ಆದರೆ ಅವಳ ಉಸಿರು ನಿಂತಿತ್ತು. ಅವನಿಗೆ ಗೊತ್ತಾಗದ ಉಸಿರೇ ಅದು? ನಾಳೆ ಹಾರೆ ಹಾಕಿದರೂ ಬಾಗಿಲು ತೆರೆಯುತ್ತದೆ, ಒಳಗಿನದು ಎಲ್ಲರಿಗೂ ಕಾಣುತ್ತದೆ. ಬಡಗಿ ಜೋರಾಗಿ ಓದಿ ಹೇಳಿದರೂ ಹೇಳಿದನೇ. ಇನ್ನು ತಪ್ಪಿಸಿಕೊಳ್ಳುವ ದಾರಿ ಉಳಿದಿರಲಿಲ್ಲ. ಆದರೆ ಯಾರ ಕೈಯಿಂದ ತೆರೆಯಬೇಕು ಎಂಬುದು ಇನ್ನೂ ಉಳಿದಿತ್ತು.

ಅವನು ತನ್ನ ಏಳು ಎಲೆಗಳನ್ನು ಕವುಚಿಟ್ಟು ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟು ಎದ್ದ. ಚೀಲ ಬಾಗಿಲ ಹಿಂದಿತ್ತು. ಭಾನುವಾರವೂ ಅದಿಲ್ಲದೆ ಅವನು ಹೊರಗೆ ಹೊರಟವನಲ್ಲ.

"ಆ ಬೀಗ ಬರಲ್ಲ ಅಂತಿದ್ದೆಯಲ್ಲಯ್ಯ?" ಎಂದರು ಭಾವ.

"ನೋಡ್ತೀನಿ ಭಾವ. ಹಾರೆಗಿಂತ ವಾಸಿ."

ಮಂಡಿಯೂರಿ ಕೂತ. ಕಿವಿ ಆನಿಸಿದ. ಕೊಕ್ಕೆ ತಂತಿಯನ್ನು ಒಳಗೆ ಬಿಟ್ಟ ಕೂಡಲೇ ಅವನ ಕೈ ತಡೆಯಿತು. ತುಕ್ಕಿನ ಗರಗರ ಇರಲಿಲ್ಲ. ಲಿವರುಗಳು ನುಣ್ಣಗೆ, ಕಾಯುತ್ತಿದ್ದವರಂತೆ ಒಂದೊಂದಾಗಿ ಎದ್ದವು. ತಂತಿಯನ್ನು ಹೊರಗೆಳೆದು ಮೂಗಿನ ಹತ್ತಿರ ಹಿಡಿದ. ಹೊಲಿಗೆ ಮೆಷಿನ್ನಿಗೆ ಬಿಡುವ ಎಣ್ಣೆಯ ವಾಸನೆ. ಆ ಮನೆಯಲ್ಲಿ ಹೊಲಿಗೆ ಮೆಷಿನ್ನು ಇದ್ದದ್ದು ಒಂದು, ಅದರ ಮುಂದೆ ಕೂರುತ್ತಿದ್ದವಳೂ ಒಬ್ಬಳೇ. ಅವನು ಹಿಂತಿರುಗಿ ನೋಡಲಿಲ್ಲ. ತಂತಿಯನ್ನು ಮತ್ತೆ ಒಳಗೆ ಬಿಟ್ಟ, ಬೀಗ ತೆರೆಯಿತು.

ಭಾವ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. "ಹನ್ನೊಂದು ವರ್ಷ, ಒಂದೂವರೆ ನಿಮಿಷ," ಎಂದರು.

ಬಾಗಿಲನ್ನು ತಲೆ ಹಿಡಿಸುವಷ್ಟು ಮಾತ್ರ ತೆರೆದು ಅವನು ಟಾರ್ಚು ಹಿಡಿದು ತಲೆಯನ್ನು ಒಳಗೆ ತೂರಿಸಿದ, ಅವನ ಅಂಗಡಿಯಲ್ಲಿ ಗಿರಾಕಿಗಳು ತೂರಿಸುವಂತೆ. ಅಪ್ಪನ ಹಳೆಯ ಕೋಟು, ಪಂಪುಮನೆಯ ಸೀಟಿ, ಒಂದು ಮುರಿದ ಮಾಪಕ. ಯಾವುದರ ಮೇಲೂ ಧೂಳಿರಲಿಲ್ಲ. ಬಾಗಿಲ ಒಳಮೈಯಲ್ಲಿ ಅಪ್ಪನ ಗುಂಡನೆಯ ಅಕ್ಷರ, ಒಂದರಿಂದ ಹತ್ತು. ಹತ್ತನೆಯದನ್ನು ಅವನು ಎರಡು ಸಲ ಓದಿದ. ಪೆನ್ಸಿಲು ಎಲ್ಲೂ ಮಾಸಿರಲಿಲ್ಲ. ಅವನು ಅಂದು ಹೇಳಿದ್ದೇ ಇತ್ತು, ಹೆಚ್ಚುಕಡಿಮೆ ಅವನು ಹೇಳಿದ ಮಾತಿನಲ್ಲೇ.

ಗೆದ್ದೆ ಎಂದು ಅನ್ನಿಸಲಿಲ್ಲ. ಆ ಎಣ್ಣೆಯ ವಾಸನೆ ಮೂಗಿನಲ್ಲೇ ಇತ್ತು. ಅಕ್ಕ ಇದನ್ನು ಓದಿದ್ದಾಳೆ. ಒಂದು ಸಲವಲ್ಲ, ಎಷ್ಟೋ ಸಲ. ಓದಿ, ಒರೆಸಿ, ಎಣ್ಣೆ ಬಿಟ್ಟು, ಮುಚ್ಚಿ, ಭಾನುವಾರ ನಾಲ್ಕಕ್ಕೆ ಬಂದು ಅವನೆದುರು ಕೂತಿದ್ದಾಳೆ. ಅಳಿಸುವ ರಬ್ಬರು ಎಲ್ಲ ಮನೆಯಲ್ಲೂ ಇರುತ್ತದೆ, ಅವಳು ಅಳಿಸಿರಲಿಲ್ಲ.

"ಏನಂತೆ?" ಎಂದಳು ಹೆಂಡತಿ ಹಿಂದಿನಿಂದ.

ಬೀಗದಣ್ಣ ತಲೆಯನ್ನು ಒಳಗಿಟ್ಟುಕೊಂಡೇ ಗಂಟಲು ಸರಿಪಡಿಸಿಕೊಂಡ. ಒಂದು ಅಂಕ ಆಚೀಚೆ ಬರೆಯದ ಆ ಮನುಷ್ಯ, ಅರವತ್ತೆರಡನೆಯ ವಯಸ್ಸಿನಲ್ಲಿ, ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ ಓದಿದ: "ಹತ್ತು. ಕೊನೆಯ ಪಟ್ಟಿನಲ್ಲಿ ರಾಜ ರಾಣಿ ಬಿದ್ದರೂ ರಾಜಿ ರಾಜಿಯೇ. ಏಳು ಅಂಕ." ಹಿಂದೆಯೇ ಸೇರಿಸಿದ: "ಅಕ್ಕ ಹೇಳಿದ್ದೇ ಸರಿ. ನಾನೇ ತಪ್ಪು ಬರೆದೆ."

ಬಾಗಿಲನ್ನು ಮೆಲ್ಲಗೆ ಮುಚ್ಚಲು ಅವನು ಕೈ ಹಾಕಿದ.

"ಹಾಗಿಲ್ಲ ಅಲ್ಲಿ."

ಅವನ ತಲೆ ಬೀರುವಿನ ಹಲಗೆಗೆ ಬಡಿಯಿತು. ಮೂವತ್ತು ವರ್ಷ ಊರಿನವರೆಲ್ಲ ಟೆಲಿಫೋನಿನಲ್ಲಿ ಕೇಳಿದ್ದ ದನಿ ಅದು, ಒಂದು ಅಕ್ಷರವೂ ತೊದಲದ ದನಿ. ಅಕ್ಕ ಎಲೆಗಳಿಂದ ಕಣ್ಣೆತ್ತದೆ ಮುಂದುವರಿಸಿದಳು: "ಹತ್ತು. ಕೊನೆಯ ಪಟ್ಟಿನಲ್ಲಿ ರಾಜ ರಾಣಿ ಬಿದ್ದರೆ ರಾಜಿ ಅಲ್ಲ. ಕೈಯಲ್ಲಿ ಬೇರೆ ಎಲೆ ಇದ್ದೂ ಹಾಕಿದ್ದೇ ರಾಜಿ. ಇದರ ಮೇಲೆ ಜಗಳ ಬೇಡ. ಇಷ್ಟಿದೆ. ಸುಳ್ಳು ಹೇಳಕ್ಕೆ ಬರಲ್ಲ ಅಂದ್ಮೇಲೆ ಯಾಕೆ ಹೇಳ್ತೀಯ?"

ಭಾವನ ಬಲಗಾಲು ಮೇಜಿನ ಕೆಳಗೆ ಬ್ರೇಕು ಒತ್ತಿ ಹಿಡಿದಿತ್ತು. ಬೀಗದಣ್ಣ ನೆತ್ತಿ ಉಜ್ಜಿಕೊಳ್ಳುತ್ತ ತಿರುಗಿದ.

"ಬೀಗದ ಕೈ?" ಎಂದ.

ಜಗಳದ ಮರುದಿನ ಬೆಳಿಗ್ಗೆಯೇ ಸಿಕ್ಕಿತು ಎಂದಳು, ಮೆಷಿನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯೊಳಗೆ. ತೆಗೆದು ಓದಿದಳು, ತಾನೇ ತಪ್ಪು ಎಂದು ಕಂಡಿತು. ಹೇಗೂ ಅವನು ಚೀಲ ತರುತ್ತಾನೆ, ತೆಗೆಯುತ್ತಾನೆ, ಕುಣಿಯುತ್ತಾನೆ, ಕುಣಿದು ಮುಗಿದ ಮೇಲೆ ಒಪ್ಪಿಕೊಂಡರಾಯಿತು ಎಂದು ಬೀಗ ಹಾಕಿ ಕಾದಳು. ಅವನು ಬರಲಿಲ್ಲ. ಒಂದು ವಾರ ಕಳೆದ ಮೇಲೆ ಹೇಳುವುದು ಕಷ್ಟವಾಯಿತು, ಒಂದು ವರ್ಷ ಕಳೆದ ಮೇಲೆ ನಾಚಿಕೆಯಾಯಿತು.

"ಎಣ್ಣೆ ಯಾಕೆ ಬಿಟ್ಟೆ?"

"ನೀನು ಬಂದ ದಿನ ಸಿಕ್ಕಿಕೊಳ್ಳದೆ ಇರ್ಲಿ ಅಂತ. ವರ್ಷಕ್ಕೆ ಎರಡು ಸಲ ಬಿಟ್ಟಿದ್ದೀನಿ. ನೀನು ಊರವರ ಬೀಗ ಎಲ್ಲಾ ತೆಗೀತೀಯ, ಇಲ್ಲಿ ಕೂತು ಗೋಡೆ ನೋಡ್ತೀಯ."

"ನೀನು ಮಾತಾಡಿಸಿದ್ರೆ ತೆಗೀತಿದ್ದೆ."

"ನೀನು ತೆಗೆದಿದ್ರೆ ಮಾತಾಡಿಸ್ತಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನೇರವಾಗಿ ಮಾತಾಡಿ ಇಬ್ಬರಿಗೂ ಅಭ್ಯಾಸ ತಪ್ಪಿತ್ತು. ಅವನ ಹೆಂಡತಿ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಬಹಳ ಮೃದುವಾಗಿ, ಅತ್ತಿಗೆ, ಒಂದು ವಿಷಯ ಎಂದಳು. ಎಲೆ ಹಂಚಿ ಆಗಿದೆ. ಐದು ಪಟ್ಟು ಮುಗಿದಿದೆ, ಕೊನೆಯ ಪಟ್ಟು ಇನ್ನೂ ಎತ್ತಿಲ್ಲ. ನಿಯಮ ನಾಲ್ಕೋ ಐದೋ, ಅದೂ ಆ ಬಾಗಿಲ ಮೇಲೆ ಇರಬೇಕು.

"ಬಾಯಿದಂಡ," ಎಂದರು ಭಾವ. ಅವರ ಮುಖದಿಂದ ಹನ್ನೊಂದು ವರ್ಷದ ಸೋಲು ಒಂದೇ ಸಲ ಇಳಿದುಹೋಗಿತ್ತು.

ಅಕ್ಕ ಬೆಂಕಿಯಾದಳು. ಇದು ಆಟದ ಮಾತೇ ಅಲ್ಲ, ಮನೆಯ ಮಾತು, ಇದಕ್ಕೂ ದಂಡವೇ ಎಂದಳು. ಮಾತು ಅಂದರೆ ಮಾತು, ಯಾವ ಮಾತು ಎಂದು ಮಾವ ಎಲ್ಲೂ ಬರೆದಿಲ್ಲ ಎಂದರು ಭಾವ. ಬರೆದಿದ್ದಾನೋ ಇಲ್ಲವೋ ನೋಡೋ ಎಂದು ಅಕ್ಕ ತಮ್ಮನಿಗೆ ಹೇಳಿದಳು. ಬರೆದಿಲ್ಲ ಅಕ್ಕ ಎಂದು ತಮ್ಮ ಬೀರುವಿನೊಳಗಿಂದ ಹೇಳಿದ. ಅಲ್ಲಿಗೆ ಇನ್ನೆರಡು ಮಾತಾಯಿತು. ಹೆಂಡತಿ ಒಳಗೆ ಹೋಗಿ ಆ ಗುಂಡಿಗಳ ಡಬ್ಬಿಯನ್ನೇ ತಂದು, ಒಂದೊಂದು ಮಾತಿಗೆ ಒಂದೊಂದು ಗುಂಡಿಯನ್ನು ಮೇಜಿನ ಮೇಲೆ ಸಾಲಾಗಿ ಇಡತೊಡಗಿದಳು. ಅಕ್ಕ ತಮ್ಮ ಅದನ್ನು ಗಮನಿಸಲಿಲ್ಲ. ಅಪ್ಪನ ಕೋಟಿನ ಮಾತು ಬಂತು, ಪಂಪುಮನೆಯ ಬೀಗದ ಮಾತು ಬಂತು, ಆ ಎರಡು ಏಟು ಬಿದ್ದದ್ದು ಅಂಗೈಗೋ ಬೆನ್ನಿಗೋ ಎಂಬ ಜಗಳ ಬಂತು. ಗುಂಡಿಗಳು ಮೇಜಿನ ಅಂಚು ಮುಟ್ಟಿ ತಿರುಗಿದವು. ಭಾವ ಕನ್ನಡಕದ ಡಬ್ಬಿಯನ್ನು ಬೆರಳ ತುದಿಯಿಂದ ಎತ್ತಿ ಬೀಗದಣ್ಣನ ಎಲೆಗಳನ್ನು ನೋಡಿಯೂ ಬಿಟ್ಟರು. ಅದಕ್ಕೆ ದಂಡವಿದೆಯೆಂದು ಯಾವ ಬಾಗಿಲ ಮೇಲೂ ಬರೆದಿರಲಿಲ್ಲ.

ಕೊನೆಗೆ ಎಲ್ಲರೂ ಸುಸ್ತಾಗಿ ಕೂತಾಗ ಹೆಂಡತಿ ಗುಂಡಿಗಳನ್ನು ಎಣಿಸಿದಳು. ಇಪ್ಪತ್ತಾರು. ಐದರಂತೆ ನೂರಾ ಮೂವತ್ತು. ನಿಮ್ಮದೇ ಪುಸ್ತಕ, ನೀವೇ ಬರೆದುಕೊಳ್ಳಿ ಎಂದು ಗಂಡನ ಮುಂದೆ ಪುಸ್ತಕ ತಳ್ಳಿದಳು. ಬರೆಯದೆಯೂ ಇರಬಹುದಿತ್ತು, ಇಂಥ ದಿನ ಯಾರೂ ಒತ್ತಾಯಿಸುತ್ತಿರಲಿಲ್ಲ. ಬೀಗದಣ್ಣ ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದ. ತೊಂಬತ್ತಾರರಲ್ಲಿ ನೂರಾ ಮೂವತ್ತು ಹೋದರೆ ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ. ಆ ಪುಸ್ತಕದಲ್ಲಿ ಸೊನ್ನೆಯ ಕೆಳಗೆ ಯಾರೂ ಇಳಿದಿರಲಿಲ್ಲ. ಅವನು ಒಂದು ಅಡ್ಡಗೀಟು ಎಳೆದು ಅದರ ಮುಂದೆ ಮೂವತ್ತನಾಲ್ಕು ಎಂದು ದುಂಡಗೆ ಬರೆದ.

ಅಕ್ಕ ಮೇಜಿನ ಮೇಲೆ ಬಗ್ಗಿ ನೋಡಿದಳು. "ಮತ್ತೆ ನಮ್ ಕಡೆಯಿಂದಾನೇ ಕಳೆದೆಯಲ್ಲೋ. ಸರಿಯಾಗ್ ಎಣಿಸಿದ್ಯಾ ಗುಬ್ಬಿ?"

ಬೀಗದಣ್ಣ ಪೆನ್ಸಿಲಿನ ಮೊನೆಯನ್ನು ನೋಡಿಕೊಂಡ, ಕಣ್ಣು ಒರೆಸಿಕೊಳ್ಳಲು ಕನ್ನಡಕದ ಡಬ್ಬಿಯ ಬಟ್ಟೆಯನ್ನು ತೆಗೆದ, ಮತ್ತೆ ಒಳಗಿಟ್ಟ. ಆಮೇಲೆ ಗುಂಡಿಗಳ ಡಬ್ಬಿಯಿಂದ ದೊಡ್ಡದೊಂದನ್ನು ಆರಿಸಿ ಸಾಲಿನ ಕೊನೆಯಲ್ಲಿಟ್ಟು, ಬರೆದದ್ದನ್ನು ಹೊಡೆದು ಹಾಕಿ, ಅದರ ಕೆಳಗೆ ಮೂವತ್ತೊಂಬತ್ತು ಎಂದು ಬರೆದ.